ಮುಚ್ಚಳಕ್ಕೆ ಕಟ್ಟಿದ ದಾರ

ಎಸ್ಕಿಶೆಹಿರ್‌ನ ರೈಲು ಕಾರ್ಖಾನೆಯ ಹಿಂದಿನ ಬೀದಿಯಲ್ಲಿ
ನಮ್ಮ ಪರೀಕ್ಷಾಲಯ. ನನ್ನ ಕೆಲಸ ಕೆಡಿಸುವುದು.
ಹೊಸ ಚಹಾದಾನಿ ಬಂತೆಂದರೆ
ಎಷ್ಟು ಸಲ ಬಗ್ಗಿಸಿದರೆ ಹಿಡಿ ಸಡಿಲುತ್ತದೆ,
ಎಷ್ಟೆತ್ತರದಿಂದ ಬಿದ್ದರೆ ಮೂತಿ ನೆಗ್ಗುತ್ತದೆ,
ನೀರಾರಿದ್ದು ಮರೆತು ಉರಿಯ ಮೇಲೆ ಬಿಟ್ಟರೆ
ತಳ ಎಷ್ಟು ಹೊತ್ತು ತಾಳುತ್ತದೆ,
ಬರೆದಿಡುತ್ತೇನೆ. ಸಹಿ: ನುರ್ಜಿಹಾನ್.

ಒಂದಲ್ಲ, ಎರಡು ಪಾತ್ರೆ ನಮ್ಮ ಚಹಾದಾನಿ:
ಕೆಳಗೆ ಕುದಿಯುವ ನೀರು,
ಅದರ ಹೆಗಲೇರಿ ಕೂತ ಚಿಕ್ಕದರಲ್ಲಿ ಗಟ್ಟಿ ಡಿಕಾಕ್ಷನ್ನು.
ಬಗ್ಗಿಸುವ ಯಂತ್ರಕ್ಕೆ ನಾವಿಟ್ಟ ಹೆಸರು ಅಕ್ಕ.
ಗೊಣಗುವುದಿಲ್ಲ, ಸೊಂಟ ಹಿಡಿದು ನಿಲ್ಲುವುದಿಲ್ಲ,
ಇಪ್ಪತ್ತು ಸಾವಿರ ಲೋಟ ಬಗ್ಗಿಸುತ್ತಾಳೆ
ಯಾರೂ ಕುಡಿಯದ ಚಹಾ.

ಏಳನೇ ಮಾದರಿ ಪಾಸಾಗಿತ್ತು, ಅಂಗಡಿ ಸೇರಿತ್ತು.
ಫೆಬ್ರವರಿಯಲ್ಲಿ ಸಿವಾಸ್ ಕಡೆಯಿಂದ ಒಂದು ರಿಪೇರಿಗೆ ಬಂತು.
ಚೀಟಿಯಲ್ಲಿ ಒಂದೇ ಮಾತು: ಹಿಡಿ.
ದೂರಿಲ್ಲ, ಬೈಗುಳವಿಲ್ಲ.
ಆದರೆ ಮುಚ್ಚಳದ ಗುಬುಟಿನಿಂದ ಹಿಡಿಯವರೆಗೆ
ಯಾರೋ ಕಟ್ಟಿದ್ದರು ದಾರ,
ರಜಾಯಿ ಹೊಲಿಯುವ ದಪ್ಪ ದಾರ,
ಹಬೆ ಕುಡಿದೂ ಕುಡಿದೂ ಚಹಾದ ಬಣ್ಣಕ್ಕೇ ತಿರುಗಿದ್ದು.
ಸರ್ವಿಸ್ ಹುಡುಗ ತೈಲಾನ್ ಕತ್ತರಿ ತೆಗೆದ.
ತಡಿ, ಎಂದೆ.

ಆ ರಾತ್ರಿ ಮನೆಯಲ್ಲಿ ಚಹಾ ಬಗ್ಗಿಸುತ್ತ
ನನ್ನ ಎಡಗೈ ನೋಡಿದೆ, ಬೇರೆಯವರ ಕೈ ನೋಡುವ ಹಾಗೆ.
ತೋರುಬೆರಳು ತಾನೇ ಹೋಗಿ ಮುಚ್ಚಳ ಒತ್ತಿ ಹಿಡಿದಿತ್ತು,
ಹಬೆ ನುಗ್ಗುವ ಸಂದಿಯ ಪಕ್ಕದಲ್ಲೇ.
ಅಮ್ಮನ ಬೆರಳೂ ಹಾಗೇ, ಅತ್ತೆಯದೂ.
ತುದಿಯ ಗೆರೆಗಳೆಲ್ಲ ಅಳಿಸಿ ನುಣ್ಣಗೆ.
ಅಕ್ಕನಿಗೆ ಆ ಬೆರಳು ಬೇಕಿರಲಿಲ್ಲ:
ಮುಚ್ಚಳ ಬಿದ್ದು ಬಿದ್ದು ಎಣಿಕೆ ತಪ್ಪುತ್ತದೆಂದು
ನಾನೇ ಅದಕ್ಕೊಂದು ಕ್ಲಿಪ್ಪು ಸಿಕ್ಕಿಸಿದ್ದೆ.
ಹತ್ತೊಂಬತ್ತು ವರ್ಷ, ಆ ಬೆರಳು
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಫೆರಿದುನ್ ಬೇ ಲೆಕ್ಕದವರು. ಕೆಟ್ಟವರೇನಲ್ಲ.
ಮುಚ್ಚಳಕ್ಕೊಂದು ಕೊಕ್ಕೆ: ಎರಡು ಲಿರಾ ನಲವತ್ತು ಕುರುಶ್.
ಮೂರು ಲಕ್ಷ ಚಹಾದಾನಿ. ಅಚ್ಚು ಬದಲಿಸುವ ಖರ್ಚು ಬೇರೆ.
"ದಾರ ಅವರೇ ಕಟ್ಟಿಕೊಂಡಿದ್ದಾರಲ್ಲ, ಪುಕ್ಕಟೆ,"
ಎಂದು ನಕ್ಕರು. ನಾನು ನಗದ್ದು ನೋಡಿ ನಿಲ್ಲಿಸಿದರು.
"ಬೆರಳಿನದೊಂದು ಅಂಕಿ ಕೊಡಿ ನುರ್ಜಿಹಾನ್.
ಬರೀ ದಾರ ಹಿಡಿದು ನಾನು ಹೇಗೆ ಮೇಲೆ ಹೋಗಲಿ?"

ಅಂಕಿ ತಾನೇ. ಸರಿ.
ಸಿಲಿಕೋನಿನಲ್ಲಿ ಬೆರಳೊಂದು ಎರಕ ಹೊಯ್ದೆ, ನನ್ನದೇ ಅಳತೆ,
ಉಗುರಿನಡಿ ತಾಪ ಅಳೆಯುವ ತಂತಿ,
ಅಕ್ಕನ ಎಡಕ್ಕೆ ಜೋಡಿಸಿ, ಕ್ಲಿಪ್ಪು ಕಿತ್ತೆ.
ಮೊದಲ ಲೋಟ, ನಲವತ್ತೆಂಟು.
ಮೂರನೆಯದು, ಐವತ್ತೊಂಬತ್ತು.
ಆರನೆಯದಕ್ಕೆ (ಮನೆಗೆ ಬಂದವರು ಆರು ಮಂದಿಯಾದರೂ ಇರುತ್ತಾರೆ)
ಎಪ್ಪತ್ತೊಂದು ಡಿಗ್ರಿ.
ಪಕ್ಕದಲ್ಲಿ ನಿಂತ ತೈಲಾನ್
ತನಗರಿವಿಲ್ಲದೆ ತನ್ನ ಬೆರಳಿಗೆ ಊದಿಕೊಂಡ.

ವರದಿ ಹನ್ನೊಂದು ಪುಟ. ಮೇಲೆ ಹೋಗಿದೆ.
ಮೇಲೆ ಎಂದರೆ ಮೂರನೇ ಮಹಡಿ. ಕಿಟಕಿಗಳು ದೊಡ್ಡವು,
ಅಲ್ಲಿ ಚಹಾ ಬೇರೆ ಯಾರೋ ಬಗ್ಗಿಸಿಕೊಡುತ್ತಾರೆ.

ಸಿವಾಸ್‌ನದಕ್ಕೆ ಹೊಸ ಹಿಡಿ ಹಾಕಿದೆವು.
ಹಳೆಯದನ್ನು ತೆಗೆಯಲು ದಾರ ಬಿಚ್ಚಲೇಬೇಕಾಯಿತು.
ಕಾರ್ಖಾನೆಯಿಂದ ಹೊರಟ ಸ್ಥಿತಿಯಲ್ಲೇ ಮರಳಿಸತಕ್ಕದ್ದು,
ಹಾಗೆನ್ನುತ್ತದೆ ನಿಯಮ. ಅದರ ಕೆಳಗೂ ನನ್ನದೇ ಸಹಿ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ
ಅದೇ ದಾರ ಹಿಡಿದು ಕೂತೆ.
ಬಿಗಿದರೆ ಮುಚ್ಚಳ ತೆರೆಯದು,
ಸಡಿಲ ಬಿಟ್ಟರೆ ಬೀಳುತ್ತದೆ.
ಇವೆರಡರ ನಡುವಿನ ಆ ಗಂಟನ್ನು
ಎಷ್ಟು ಸಲ ಕಟ್ಟಿ ಬಿಚ್ಚಿ ಕಂಡುಕೊಂಡಳೋ ಅವಳು.
(ಅವಳೇ ಅಂತ ಹೇಗೆ ಗೊತ್ತು ಎಂದು ತೈಲಾನ್ ಕೇಳಿದ್ದ.
ಗೊತ್ತಿಲ್ಲ.)
ನನಗೆ ನಾಲ್ಕನೇ ಸಲಕ್ಕೆ ಕೂತಿತು,
ಅದೂ ಅರೆಬರೆ.